ಗುಡ್ಡ ಕುಸಿತದಿಂದ ಉಳಿದವರು ಹರಕೆ ಹೇಗೆ ತೀರಿಸಿದಿರಿ?

ತೋಟದಮಗಳು: 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಮ್ಮ ಕಾಫಿ ತೋಟ ಕೆಸರಿನ ಜೊತೆ ಹೋಯಿತು. ಅಮ್ಮ, ತಮ್ಮ, ನಾನು ಉಟ್ಟ ಬಟ್ಟೆಯಲ್ಲೇ ಏರು ಹತ್ತಿ ಉಳಿದೆವು. ದಾರಿಯುದ್ದ ಅಮ್ಮ ಕಾವೇರಮ್ಮನನ್ನೇ ಕೂಗುತ್ತಿದ್ದರು. ಈ ತುಲಾ ಸಂಕ್ರಮಣಕ್ಕೆ ಅವರನ್ನು ತಲಕಾವೇರಿಗೆ ಕರೆದೊಯ್ಯುತ್ತೇನೆ. ಆದರೆ ಪಕ್ಕದ ಮನೆಯವರು ಉಳಿಯಲಿಲ್ಲ, ಅವರೂ ಅದೇ ತಾಯಿಯನ್ನು ಕರೆದವರು. ‘ನಮ್ಮನ್ನು ಕಾಪಾಡಿದಳು’ ಎಂದು ಬಾಯಿಬಿಟ್ಟು ಹೇಳಬಹುದೇ?

ಮಡಿಕೇರಿಅಣ್ಣ: ಧಾರಾಳವಾಗಿ ಹೇಳು ತಂಗಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಗುಡ್ಡ ಕುಸಿದು ಅರ್ಚಕರ ಮನೆ ಮಣ್ಣುಪಾಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರ್ಥೋದ್ಭವವೂ, ಅಂದರೆ ಕಾವೇರಮ್ಮ ತೀರ್ಥವಾಗಿ ಉಕ್ಕುವುದೂ, ನಡೆಯಿತು. ಯಾಕೆ ಅವರು, ಯಾಕೆ ನಾವು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಉಳಿದ ಉಸಿರಿಗೆ ಕೈಮುಗಿಯದೆ ಇರಲಂತೂ ನನ್ನಿಂದಾಗದು.

ಸಂಗಮದವಳು: ಮೊದಲು ಭಾಗಮಂಡಲದಲ್ಲಿ ಇಳಿಯಿರಿ. ತ್ರಿವೇಣಿ ಸಂಗಮದಲ್ಲಿ ಮಿಂದು, ನಿಮ್ಮ ಪಕ್ಕದ ಮನೆಯವರ ಹೆಸರಲ್ಲಿ ಪಿಂಡ ಇಡಿಸಿ. ಆಮೇಲೆ ಮೇಲೆ ಹೋಗಿ. ಜನ ಬಹಳ, ಅಮ್ಮನ ಕೈ ಬಿಡಬೇಡಿ.

ತೋಟದಮಗಳು: ಪಿಂಡದ ಮಾತು ನನಗೆ ಹೊಳೆದೇ ಇರಲಿಲ್ಲ ಅಕ್ಕ. ಅವರ ಮಗಳು ಮೈಸೂರಿನಲ್ಲಿದ್ದಾಳೆ, ಈಗಲೇ ಫೋನ್ ಮಾಡಿ ಅವಳನ್ನೂ ಕರೆಯುತ್ತೇನೆ.