ಕೆ.ಎಲ್. ರಾಹುಲ್: ನಿಧಾನವಾಗಿದ್ದು ಆಟಗಾರನೋ, ಅವರಿಗೆ ಸಿಕ್ಕ ಕೆಲಸವೋ?

ಪ್ರಶ್ನೆ: ನಾಪೋಕ್ಲು ನೋಡುಗ

2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ಮತ್ತು ದೆಹಲಿ ತಂಡಗಳ ನಡುವೆ ನಡೆದ ಪಂದ್ಯವನ್ನು ನಾನು ಅರ್ಧ ಮಾತ್ರ ನೋಡಿದೆ. 164 ರನ್ನುಗಳ ಗುರಿ ಬೆನ್ನತ್ತಿದ್ದ ದೆಹಲಿ 58ಕ್ಕೆ 4 ವಿಕೆಟ್ ಕಳೆದುಕೊಂಡು ನಿಂತಿದ್ದಾಗ ನಮ್ಮ ಕಡೆ ಗುಡುಗು ಮಳೆ ಬಂದು ಕರೆಂಟು ಹೋಯಿತು. ನಮ್ಮ ತೋಟದ ಕಾಫಿ ಹೂ ಅರಳಲು ಬೇಕಾಗಿದ್ದ ಹೂಮಳೆ ಅಷ್ಟರಲ್ಲಿ ಬಿದ್ದು ಮುಗಿದಿದ್ದರಿಂದ ಆ ಮಳೆಯನ್ನು ಮೆಚ್ಚಿಕೊಳ್ಳಲು ನನಗೆ ಬೇರೆ ಕಾರಣವೂ ಇರಲಿಲ್ಲ. ಮಳೆ ನಿಂತ ಮೇಲೆ ನೆಟ್‌ವರ್ಕ್ ಸಿಗುವ ಮೇಲಿನ ಕಣದವರೆಗೆ ಹತ್ತಿ ಮೊಬೈಲ್ ತೆರೆದರೆ ಪಂದ್ಯ ಮುಗಿದೇ ಹೋಗಿತ್ತು. ದೆಹಲಿ ಪರ ಆಡುತ್ತಿದ್ದ ರಾಹುಲ್ 53 ಎಸೆತಗಳಲ್ಲಿ ಔಟಾಗದೆ 93 ರನ್ ಗಳಿಸಿ, ನೆಲದ ಮೇಲೆ ಬ್ಯಾಟಿನಿಂದ ವೃತ್ತ ಎಳೆದು, ಇದು ನನ್ನ ಜಾಗ ಎಂಬಂತೆ ನಿಂತಿರುವ ಚಿತ್ರ ಎಲ್ಲೆಡೆ ಹರಿದಾಡುತ್ತಿತ್ತು.

ನನ್ನ ಗೊಂದಲ ಇದು. 2018ರಲ್ಲಿ ಪಂಜಾಬ್ ಪರವಾಗಿ 14 ಎಸೆತಗಳಲ್ಲಿ ಅರ್ಧಶತಕ ಹೊಡೆದು, ಆ ಐಪಿಎಲ್ ಋತುವಿನಲ್ಲಿ 158ಕ್ಕೂ ಹೆಚ್ಚಿನ ಸ್ಟ್ರೈಕ್ ರೇಟಿನಲ್ಲಿ (ಅಂದರೆ ನೂರು ಎಸೆತಗಳಿಗೆ ಅಷ್ಟು ರನ್ನಿನ ವೇಗದಲ್ಲಿ) 659 ರನ್ ಗಳಿಸಿದವರು ಇದೇ ರಾಹುಲ್. ಎರಡೇ ವರ್ಷಗಳ ನಂತರ 670 ರನ್ ಗಳಿಸಿ, ಋತುವಿನಲ್ಲಿ ಅತಿ ಹೆಚ್ಚು ರನ್ ಗಳಿಸಿದವರಿಗೆ ಸಿಗುವ ಆರೆಂಜ್ ಕ್ಯಾಪ್ ಧರಿಸಿದಾಗ ಆ ಸ್ಟ್ರೈಕ್ ರೇಟ್ 129ಕ್ಕೆ ಇಳಿದಿತ್ತು. ಆಮೇಲಿನ ವರ್ಷಗಳಲ್ಲಿ ಅವರು ಕ್ರೀಸಿಗೆ ಬಂದರೆ ನಮ್ಮ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಎದ್ದು ಕಾಫಿ ಮಾಡಲು ಹೋಗುವಂತಾಗಿತ್ತು. ಈ ಏರಿಳಿತವನ್ನು ಲಯ ಎನ್ನಬೇಕೇ, ಆಟದ ಶೈಲಿಯೇ ಬದಲಾಗಿತ್ತು ಎನ್ನಬೇಕೇ, ಅಥವಾ ತಂಡಗಳು ಅವರಿಗೆ ಒಪ್ಪಿಸಿದ ಕೆಲಸದ ಫಲ ಎನ್ನಬೇಕೇ? ತಿಳಿದವರು ಹೇಳಿ. ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ನಡೆಯುವ ತಿಂಗಳಲ್ಲಿ ನಮ್ಮೂರಿನಲ್ಲಿ ಕ್ರಿಕೆಟ್ ಮಾತಾಡಲು ಜನ ಸಿಗುವುದೇ ಕಷ್ಟ.

ಉತ್ತರ: ಕುಶಾಲನಗರದ ಸ್ಕೋರರ್

ರಾಹುಲ್ ಬಗ್ಗೆ ಮಾತು ಬಂದಾಗಲೆಲ್ಲ ಅವರು ಗಳಿಸಿದ ರನ್ನುಗಳ ಮೊತ್ತವನ್ನು ಮುಂದಿಡುವುದು ನಮ್ಮವರ ಅಭ್ಯಾಸ. ನಾನು ಒಂದೇ ಪಂದ್ಯದ ಲೆಕ್ಕವನ್ನು ಕೊಡುತ್ತೇನೆ. 2022ರ ಮೇ 25ರಂದು ಕೋಲ್ಕತ್ತದಲ್ಲಿ ನಡೆದ ಐಪಿಎಲ್ ಎಲಿಮಿನೇಟರ್‌ನಲ್ಲಿ (ಸೋತವರು ಹೊರಬೀಳುವ ಪಂದ್ಯದಲ್ಲಿ) ಲಖನೌ ತಂಡಕ್ಕೆ 208 ರನ್ನುಗಳ ಗುರಿ ಇತ್ತು. ಅಂದರೆ ಪ್ರತಿ ಎಸೆತಕ್ಕೆ ಒಂದೂಮುಕ್ಕಾಲು ರನ್ನಿನಷ್ಟು ಬೇಕಿತ್ತು. ನಾಯಕ ರಾಹುಲ್ 58 ಎಸೆತಗಳಲ್ಲಿ 79 ರನ್ ಗಳಿಸಿದರು. ಗುರಿಯ ವೇಗದಲ್ಲೇ ಆಡಿದ್ದರೆ ಅಷ್ಟು ಎಸೆತಗಳಿಗೆ ಸುಮಾರು 100 ರನ್ ಬರಬೇಕಿತ್ತು. ತಂಡ ಸೋತದ್ದು 14 ರನ್ನುಗಳಿಂದ. ಅದೇ ಪಿಚ್ಚಿನಲ್ಲಿ ಬೆಂಗಳೂರಿನ ರಜತ್ ಪಾಟೀದಾರ್ 54 ಎಸೆತಗಳಲ್ಲಿ ಔಟಾಗದೆ 112 ಹೊಡೆದಿದ್ದರು ಎಂಬುದನ್ನು ನೆನಪಿಸಿಕೊಂಡರೆ ಪಿಚ್ಚಿನ ಮೇಲೆ ತಪ್ಪು ಹೊರಿಸಲು ದಾರಿಯಿಲ್ಲ.

ಇಪ್ಪತ್ತು ಓವರುಗಳ ಆಟದಲ್ಲಿ ತಂಡಕ್ಕೆ ಸಿಗುವುದು 120 ಎಸೆತಗಳು. ಅವುಗಳಲ್ಲಿ ಅರ್ಧದಷ್ಟನ್ನು ಒಬ್ಬರೇ ತೆಗೆದುಕೊಂಡು ತಂಡದ ಅಗತ್ಯಕ್ಕಿಂತ ನಿಧಾನವಾಗಿ ಆಡಿದರೆ, ಉಳಿದವರು ಬಂದ ಕ್ಷಣದಿಂದಲೇ ದಾಂಡು ಬೀಸಬೇಕಾಗುತ್ತದೆ, ಮತ್ತು ಅವರು ಬೀಸಿ ಔಟಾದಾಗ ನಾವು ಅವರನ್ನು ಬೈದು ರಾಹುಲ್ ಅವರ ಅರ್ಧಶತಕವನ್ನು ಹೊಗಳುತ್ತೇವೆ. 2022ರ ಟಿ20 ವಿಶ್ವಕಪ್‌ನಲ್ಲಿಯೂ ಆರಂಭದ ಓವರುಗಳ ಈ ಸೋಮಾರಿತನವೇ ಭಾರತವನ್ನು ಹಿಂದಕ್ಕೆ ಎಳೆಯಿತು ಎಂಬುದು ನನ್ನ ಅಭಿಪ್ರಾಯ. ಆ ವರ್ಷದ ನವೆಂಬರ್ 10ರಂದು ಅಡಿಲೇಡಿನಲ್ಲಿ ಇಂಗ್ಲೆಂಡ್ ಎದುರು 10 ವಿಕೆಟ್‌ಗಳಿಂದ ಸೋತ ಸೆಮಿಫೈನಲ್‌ನ ನಂತರ ಆಯ್ಕೆಗಾರರು ಆ ಮಾದರಿಯಲ್ಲಿ ಅವರನ್ನು ಬಿಟ್ಟು ಮುಂದೆ ಹೋದದ್ದು ಆಕಸ್ಮಿಕವಲ್ಲ.

ಉತ್ತರ: ಸೋಮವಾರಪೇಟೆ ಮೇಷ್ಟ್ರು

ಸ್ಕೋರರ್ ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ‘ಸೋಮಾರಿತನ’ ಎಂಬ ಪದವನ್ನು ನಾನು ಒಪ್ಪಲಾರೆ. 2020ರ ಪಂಜಾಬ್ ತಂಡವನ್ನು ನೆನಪಿಸಿಕೊಳ್ಳಿ. ಆ ಋತುವಿನಲ್ಲಿ ಮಧ್ಯಮ ಕ್ರಮಾಂಕದ ಭರವಸೆಯಾಗಿದ್ದ ಗ್ಲೆನ್ ಮ್ಯಾಕ್ಸ್‌ವೆಲ್ ಗಳಿಸಿದ್ದು ಒಟ್ಟು 108 ರನ್. ಅದರಲ್ಲಿ ಒಂದೇ ಒಂದು ಸಿಕ್ಸರ್ ಇರಲಿಲ್ಲ. ತಾನು ಔಟಾದರೆ ತಂಡವೇ ಕುಸಿಯುತ್ತದೆ ಎಂದು ನಾಯಕನಿಗೆ ಅನ್ನಿಸಿದರೆ, ಅದು ಅಂಜುಬುರುಕತನವಲ್ಲ, ಅಂದಿನ ವಾಸ್ತವವನ್ನು ಕಣ್ಣಾರೆ ಕಂಡವರ ಲೆಕ್ಕಾಚಾರ. ನಾಯಕತ್ವ, ವಿಕೆಟ್ ಕೀಪಿಂಗ್, ಇನಿಂಗ್ಸ್ ಆರಂಭಿಸುವ ಹೊಣೆ ಈ ಮೂರನ್ನೂ ಒಬ್ಬನ ಹೆಗಲಿಗೆ ಹಾಕಿ, ಮೊದಲ ಎಸೆತದಿಂದಲೇ ಬೀಸು ಎಂದು ಹೇಳುವುದು ಟಿವಿಯ ಮುಂದೆ ಕುಳಿತವರಿಗೆ ಸುಲಭ.

ಒಂದು ದಿನದ ಪಂದ್ಯಗಳಲ್ಲಿ ಇದೇ ಗುಣ ನಮ್ಮನ್ನು ಎಷ್ಟು ಸಲ ದಡ ಸೇರಿಸಿದೆ ಎಂಬುದನ್ನೂ ಹೇಳಬೇಕಲ್ಲವೇ? 2023ರ ವಿಶ್ವಕಪ್‌ನ ಚೆನ್ನೈ ಪಂದ್ಯದಲ್ಲಿ ಆಸ್ಟ್ರೇಲಿಯಾದ ಇನಿಂಗ್ಸ್ ಪೂರ್ತಿ ಸೆಖೆಯಲ್ಲಿ ಕೀಪಿಂಗ್ ಮಾಡಿ ಹಿಂದಿರುಗಿದವರು, ಸ್ನಾನ ಮಾಡಿ ಸುಧಾರಿಸಿಕೊಳ್ಳುವ ಮೊದಲೇ ಭಾರತ 2 ರನ್ನಿಗೆ 3 ವಿಕೆಟ್ ಕಳೆದುಕೊಂಡದ್ದರಿಂದ ಮತ್ತೆ ಪ್ಯಾಡ್ ಕಟ್ಟಿಕೊಂಡು ಬಂದು, ಕೊಹ್ಲಿ ಜೊತೆ ನಿಂತು, ಔಟಾಗದೆ 97 ರನ್ ಗಳಿಸಿ ಪಂದ್ಯ ಗೆಲ್ಲಿಸಿದರು. ಶತಕಕ್ಕೆ ಬೇಕಾಗಿದ್ದ ಲೆಕ್ಕದಂತೆ ಮೊದಲು ಬೌಂಡರಿ ಹೊಡೆಯಲು ಹೋದರೆ ಚೆಂಡು ಗೆರೆ ದಾಟಿ ಸಿಕ್ಸರ್ ಆಗಿ, ಅಲ್ಲಿಗೇ ಪಂದ್ಯ ಮುಗಿದುಹೋಯಿತು. ಆ ಕ್ಷಣ ಅವರು ಕುಕ್ಕರಗಾಲಿನಲ್ಲಿ ಕುಳಿತದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅದೇ ಟೂರ್ನಿಯ ಫೈನಲ್‌ನಲ್ಲಿ ಅಹಮದಾಬಾದಿನಲ್ಲಿ ಅವರು 107 ಎಸೆತಗಳಲ್ಲಿ ಒಂದೇ ಬೌಂಡರಿಯೊಂದಿಗೆ 66 ರನ್ ಗಳಿಸಿದ್ದನ್ನು ಯಾರೂ ಮರೆಯುವುದಿಲ್ಲ. ನಾನೂ ಮರೆತಿಲ್ಲ. ಆದರೆ ನೆದರ್ಲೆಂಡ್ಸ್ ಎದುರು ಬೆಂಗಳೂರಿನಲ್ಲಿ 62 ಎಸೆತಗಳಲ್ಲಿ ಶತಕ ಹೊಡೆದದ್ದೂ ಒಂದು ವಾರದ ಹಿಂದಷ್ಟೇ ಎಂಬುದನ್ನು ಸೇರಿಸಿ ಹೇಳಿದರೆ ಮಾತ್ರ ಚಿತ್ರ ಪೂರ್ಣವಾಗುತ್ತದೆ. ಒಣಗಿದ, ಚೆಂಡು ನಿಂತು ಬರುವ ಪಿಚ್ಚಿನಲ್ಲಿ, 81ಕ್ಕೆ 3 ಆಗಿದ್ದಾಗ ಬಂದವರು ಮಾಡಬೇಕಾದ ಕೆಲಸ ಬೇರೆ, 4 ವಿಕೆಟ್ ಉರುಳುವ ಮೊದಲೇ ದೊಡ್ಡ ಮೊತ್ತ ಕೂಡಿದಾಗ ಬಂದವರ ಕೆಲಸ ಬೇರೆ.

ಉತ್ತರ: ಕುಶಾಲನಗರದ ಸ್ಕೋರರ್

ಮೇಷ್ಟ್ರೇ, ಒಂದು ದಿನದ ಪಂದ್ಯಗಳ ಬಗ್ಗೆ ನಿಮ್ಮ ಮಾತನ್ನು ಬಹುಪಾಲು ಒಪ್ಪುತ್ತೇನೆ, ಫೈನಲ್ ಒಂದನ್ನು ಬಿಟ್ಟು. ಪಿಚ್ ಕಷ್ಟದ್ದೇ ಆಗಿದ್ದರೂ 107 ಎಸೆತ ಆಡಿದವರು ಒಬ್ಬ ಬೌಲರನನ್ನಾದರೂ ಆರಿಸಿಕೊಂಡು ಹೊಡೆಯುವ ಅಪಾಯಕ್ಕೆ ಇಳಿಯಬೇಕಿತ್ತು. ಆದರೆ ಟಿ20 ಬಗ್ಗೆ ನಿಮ್ಮ ನಾಯಕತ್ವದ ವಾದಕ್ಕೆ ಒಂದು ದೊಡ್ಡ ಅಡ್ಡಿ ಇದೆ. 2018ರಂತೆಯೇ 2019ರಲ್ಲಿಯೂ ಪಂಜಾಬಿನ ನಾಯಕ ಅಶ್ವಿನ್ ಅವರೇ ಹೊರತು ರಾಹುಲ್ ಅಲ್ಲ. ಹಾಗಿದ್ದರೂ ಆ ಋತುವಿನಲ್ಲೇ ಅವರ ಸ್ಟ್ರೈಕ್ ರೇಟ್ 158ರಿಂದ 135ಕ್ಕೆ ಇಳಿದಿತ್ತು. ಹೆಗಲ ಮೇಲೆ ಭಾರ ಬೀಳುವ ಮೊದಲೇ ನಡಿಗೆ ನಿಧಾನವಾಗಿದ್ದರೆ ಭಾರವನ್ನು ದೂರುವುದು ಹೇಗೆ?

ಇನ್ನೊಂದು ವಿಷಯ. 2023ರಲ್ಲಿ ಐಪಿಎಲ್‌ಗೆ ಪಂದ್ಯದ ನಡುವೆ ಒಬ್ಬ ಆಟಗಾರನನ್ನು ಬದಲಿಸಿಕೊಳ್ಳಲು ಬಿಡುವ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂದು ಪ್ರತಿ ತಂಡಕ್ಕೂ ಒಬ್ಬ ಹೆಚ್ಚುವರಿ ಬ್ಯಾಟರ್ ಸಿಕ್ಕಂತಾಯಿತು. ಅಂದಿನಿಂದ ವಿಕೆಟ್ ಉಳಿಸಿಕೊಳ್ಳುವುದರ ಬೆಲೆ ತಗ್ಗಿ, ಎಸೆತ ವ್ಯರ್ಥವಾಗುವುದರ ಬೆಲೆ ಏರಿತು. 2024ರ ಮೇ 8ರಂದು ಹೈದರಾಬಾದಿನಲ್ಲಿ ಏನಾಯಿತು ನೋಡಿ. ರಾಹುಲ್ 33 ಎಸೆತಗಳಲ್ಲಿ 29 ರನ್ ಗಳಿಸಿದ ಆ ಇನಿಂಗ್ಸ್‌ನಲ್ಲಿ ಲಖನೌ 4 ವಿಕೆಟ್‌ಗೆ 165 ಮಾಡಿತು. ಟ್ರಾವಿಸ್ ಹೆಡ್ ಮತ್ತು ಅಭಿಷೇಕ್ ಶರ್ಮಾ ಆ ಗುರಿಯನ್ನು ಒಂದು ವಿಕೆಟ್ ಕೂಡ ಕಳೆದುಕೊಳ್ಳದೆ 9.4 ಓವರುಗಳಲ್ಲಿ ಮುಗಿಸಿದರು. ಲಖನೌ ಕೈಯಲ್ಲಿ 6 ವಿಕೆಟ್‌ಗಳು ಹಾಗೆಯೇ ಉಳಿದಿದ್ದವು, ಅವನ್ನು ಯಾವ ಡಬ್ಬಿಯಲ್ಲಿ ಕೂಡಿಡುವುದು?

ಉತ್ತರ: ವಿರಾಜಪೇಟೆ ಹಾಕಿಪ್ರಿಯ

ನಾನು ಮೂಲತಃ ಹಾಕಿಯವನು, ಆದರೂ ಒಂದು ಮಾತು ಸೇರಿಸುತ್ತೇನೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂದಾಗ ನಮ್ಮ ತಂಡ ಏಳನೆಯ ಸ್ಥಾನಕ್ಕೆ ಕುಸಿಯಿತು. ನಮ್ಮವರ ಕೈಚಳಕ ಒಂದೇ ದಿನದಲ್ಲಿ ಮಾಯವಾಗಿರಲಿಲ್ಲ, ನೆಲ ಬದಲಾಗಿತ್ತು. ಸ್ಕೋರರ್ ಅವರು ಹೇಳುವ ಇಂಪ್ಯಾಕ್ಟ್ ಪ್ಲೇಯರ್ ನಿಯಮವೂ ಅಂಥದ್ದೇ ಬದಲಾವಣೆ.

ಆಟವನ್ನು ನಡುವಯಸ್ಸಿನಲ್ಲಿ ಹೊಸದಾಗಿ ಕಟ್ಟಿಕೊಳ್ಳಬಹುದು ಎಂಬುದಕ್ಕೆ ಕೊಡಗಿನ ನಂಟಿರುವ ರಾಬಿನ್ ಉತ್ತಪ್ಪ ಅವರಿಗಿಂತ ಹತ್ತಿರದ ಉದಾಹರಣೆ ಬೇಕೇ? ಹಾಕಿ ಅಂಪೈರ್ ಆಗಿದ್ದವರ ಮಗ, ವೇಗದ ಬೌಲರುಗಳ ಎದುರಿಗೇ ನಡೆದು ಹೋಗಿ ಹೊಡೆಯುತ್ತಿದ್ದ ಹುಡುಗ, ತಂಡದಿಂದ ಹೊರಬಿದ್ದ ಮೇಲೆ ಕೋಚ್ ಪ್ರವೀಣ್ ಆಮ್ರೆ ಅವರ ಬಳಿ ಹೋಗಿ ತನ್ನ ಬ್ಯಾಟಿಂಗನ್ನು ಬುಡದಿಂದ ಬದಲಿಸಿಕೊಂಡರು. ಬದಲಾವಣೆಯ ಮಧ್ಯದಲ್ಲಿ ರನ್ ಬಾರದೆ ಒದ್ದಾಡಿದರು. ಆಮೇಲೆ 2014ರಲ್ಲಿ ಕೋಲ್ಕತ್ತ ಪರ 660 ರನ್ ಗಳಿಸಿ ಆರೆಂಜ್ ಕ್ಯಾಪ್ ಪಡೆದರು. ಕರ್ನಾಟಕಕ್ಕೆ ಉತ್ತಪ್ಪ ಮತ್ತು ರಾಹುಲ್ ಇಬ್ಬರೂ ಜೊತೆಯಾಗಿ ಇನಿಂಗ್ಸ್ ಆರಂಭಿಸಿದ್ದನ್ನು ಕಂಡವರಿಗೆ, ಒಬ್ಬರು ಅಬ್ಬರದಿಂದ ಸಂಯಮಕ್ಕೆ ಬಂದದ್ದೂ ಇನ್ನೊಬ್ಬರು ಸಂಯಮದಿಂದ ಅಬ್ಬರಕ್ಕೆ ಹೊರಳಲು ಹೆಣಗಿದ್ದೂ ಕುತೂಹಲದ ಸಂಗತಿ.

ಇಷ್ಟಕ್ಕೂ ನೀವಿಬ್ಬರೂ ಇಷ್ಟು ವಾದಿಸುತ್ತಿರುವ ಪ್ರಶ್ನೆಗೆ ರಾಹುಲ್ ಅವರೇ 2025ರಲ್ಲಿ ಅರ್ಧ ಉತ್ತರ ಕೊಟ್ಟಿದ್ದಾರೆ. ಪಂದ್ಯವನ್ನು ಕೊನೆಯವರೆಗೆ ಒಯ್ಯಬೇಕೆಂಬ ಯೋಚನೆ ತಲೆಯಲ್ಲಿ ಕೂತುಬಿಟ್ಟು, ಬೌಂಡರಿ ಮತ್ತು ಸಿಕ್ಸರ್ ಹೊಡೆಯುವ ಸಂತೋಷವನ್ನು ತಾನು ಎಲ್ಲೋ ಕಳೆದುಕೊಂಡಿದ್ದೆ ಎಂಬರ್ಥದಲ್ಲಿ ಅವರು ಮಾತನಾಡಿದರು. ಕೋಚ್ ಅಭಿಷೇಕ್ ನಾಯರ್ ಅವರೊಂದಿಗೆ ಗಂಟೆಗಟ್ಟಲೆ ನಡೆಸಿದ ಅಭ್ಯಾಸಕ್ಕೆ ಬದಲಾವಣೆಯ ಶ್ರೇಯ ಕೊಟ್ಟರು. ಅಂದಮೇಲೆ ಸ್ಕೋರರ್ ಅವರ ದೂರಿನಲ್ಲಿ ಹುರುಳಿತ್ತು, ಆದರೆ ಮೇಷ್ಟ್ರು ಹೇಳಿದ ಹಾಗೆ ಅದು ಸೋಮಾರಿತನ ಆಗಿರಲಿಲ್ಲ.

ಉತ್ತರ: ನಾಪೋಕ್ಲು ನೋಡುಗ

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ಚಿನ್ನಸ್ವಾಮಿಯ ಆ ಪಂದ್ಯದ ನಾನು ನೋಡದ ಭಾಗವನ್ನು ಮತ್ತೆ ಹಾಕಿಕೊಂಡು ಕೂತೆ. ಬರಿಯ ಸಿಕ್ಸರುಗಳ ತುಣುಕು ನೋಡಿದರೆ ಗೊತ್ತಾಗದ ಒಂದು ಸಂಗತಿ ಅದರಲ್ಲಿತ್ತು. ಅರ್ಧ ಇನಿಂಗ್ಸಿನವರೆಗೂ ರಾಹುಲ್ ಎಸೆತಕ್ಕೊಂದು ರನ್ನಿನ ಆಸುಪಾಸಿನಲ್ಲೇ ಇದ್ದರು. 5 ರನ್ ಆಗಿದ್ದಾಗ ಒಂದು ಕ್ಯಾಚ್ ಕೂಡ ಕೈಚೆಲ್ಲಿತ್ತು. ಅಲ್ಲಿಯೂ ಹನಿ ಮಳೆ ಶುರುವಾಗಿ, ಪಂದ್ಯ ನಿಂತರೆ ದೆಹಲಿ ಲೆಕ್ಕದಲ್ಲಿ ಹಿಂದೆ ಬೀಳುವ ಸ್ಥಿತಿ ಬಂದಾಗ, ಹೇಜಲ್‌ವುಡ್ ಅವರ ಒಂದೇ ಓವರಿನಲ್ಲಿ 22 ರನ್ ಬಂದವು. ಅಂದರೆ ಹಳೆಯ ರಾಹುಲ್ ಹೋಗಿ ಹೊಸಬರು ಬಂದದ್ದಲ್ಲ. ಹಳೆಯ ಲೆಕ್ಕಾಚಾರ ಹಾಗೆಯೇ ಇತ್ತು, ಗೇರ್ ಬದಲಿಸುವ ಹೊತ್ತು ಮಾತ್ರ ಹಿಂದಿನಂತೆ 18ನೆಯ ಓವರಿಗೆ ಕಾಯದೆ ಮೂರು ನಾಲ್ಕು ಓವರ್ ಮುಂಚೆ ಬಂದಿತ್ತು.

ಆ ಋತುವಿನಲ್ಲಿ ಅವರು ಸುಮಾರು 150ರ ಸ್ಟ್ರೈಕ್ ರೇಟಿನಲ್ಲಿ 539 ರನ್ ಗಳಿಸಿದರು, ನಾಯಕತ್ವ ಅಕ್ಷರ್ ಪಟೇಲ್ ಅವರದಾಗಿತ್ತು. ಹೀಗಾಗಿ ಮೇಷ್ಟ್ರ ವಾದವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಗುಜರಾತ್ ಎದುರು 65 ಎಸೆತಗಳಲ್ಲಿ 112 ಹೊಡೆದೂ ತಂಡ 10 ವಿಕೆಟ್‌ಗಳಿಂದ ಸೋತದ್ದು ನೋಡಿದರೆ, ಪಾಪ, ಈ ಮನುಷ್ಯ ಬೇಗ ಆಡಿದರೂ ಕಷ್ಟ. 2016ರಲ್ಲಿ ಲಾಡರ್‌ಹಿಲ್‌ನಲ್ಲಿ ವೆಸ್ಟ್ ಇಂಡೀಸ್ ಎದುರು 51 ಎಸೆತಗಳಲ್ಲಿ ಔಟಾಗದೆ 110 ಹೊಡೆದಾಗಲೂ ಭಾರತ ಒಂದು ರನ್ನಿನಿಂದ ಸೋತಿತ್ತು.

ಉತ್ತರ: ಸೋಮವಾರಪೇಟೆ ಮೇಷ್ಟ್ರು

ಗೇರ್ ಬದಲಿಸುವ ಹೊತ್ತು ಎಂಬ ನಿಮ್ಮ ಮಾತು ನನಗೆ ಹಿಡಿಸಿತು. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಆರನೆಯ ಕ್ರಮಾಂಕಕ್ಕೆ ಇಳಿದಾಗ ಅವರಿಗೆ ಆ ಹೊತ್ತನ್ನು ಆರಿಸಿಕೊಳ್ಳುವ ಚಿಂತೆಯೇ ಇರಲಿಲ್ಲ, ಬಂದಾಗಲೇ ಅದು ಬಂದಿರುತ್ತಿತ್ತು. ಸೆಮಿಫೈನಲ್‌ನಲ್ಲಿ 34 ಎಸೆತಗಳಲ್ಲಿ 42, ಫೈನಲ್‌ನಲ್ಲಿ 33 ಎಸೆತಗಳಲ್ಲಿ 34, ಎರಡರಲ್ಲೂ ಔಟಾಗಲಿಲ್ಲ.

ಟೆಸ್ಟ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ನನ್ನ ಮಟ್ಟಿಗೆ ನಿಜವಾದ ಬದಲಾವಣೆ ಕಂಡದ್ದು ಅಲ್ಲಿಯೇ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಆರಂಭಿಕರಾಗಿ 532 ರನ್ ಗಳಿಸಿದಾಗ ಅವರು ಆಡಿದ ಹೊಡೆತಗಳಿಗಿಂತ ಆಡದೆ ಬಿಟ್ಟ ಎಸೆತಗಳನ್ನು ನೋಡುವುದೇ ಒಂದು ಸೊಗಸಾಗಿತ್ತು. ಆಫ್ ಸ್ಟಂಪಿನಾಚೆಯ ಚೆಂಡಿಗೆ ಕೈ ಚಾಚುವ ಹಳೆಯ ಚಾಳಿ ಬಿಟ್ಟು, ಚೆಂಡು ಕಣ್ಣಿನ ಕೆಳಗೆ ಬರುವವರೆಗೂ ತಾಳ್ಮೆಯಿಂದಿದ್ದು, ಮೈಗೆ ಹತ್ತಿರದಲ್ಲೇ ಆಡುತ್ತಿದ್ದರು. ಶಾಲೆಯ ಮೈದಾನದ ಮ್ಯಾಟಿಂಗ್ ಮೇಲೆ ಆಡುವ ನಮ್ಮ ಹುಡುಗರಿಗೆ ಆ ವಿಡಿಯೊಗಳನ್ನು ತೋರಿಸಿದ್ದೇನೆ, ಅವರು ಕೇಳಿದ್ದು ಮಾತ್ರ ಸಿಕ್ಸರ್ ಯಾವಾಗ ಬರುತ್ತದೆ ಎಂದು.

ಉತ್ತರ: ಕುಶಾಲನಗರದ ಸ್ಕೋರರ್

ಟೆಸ್ಟ್ ವಿಷಯದಲ್ಲಿ ಮೇಷ್ಟ್ರ ಜೊತೆ ನನ್ನ ತಕರಾರಿಲ್ಲ. ಒಂದನ್ನು ಬಿಟ್ಟು: ಆ ಪ್ರವಾಸದ ಲಾರ್ಡ್ಸ್ ಪಂದ್ಯದಲ್ಲಿ ಸರಿಯಾಗಿ 100ಕ್ಕೆ ಔಟ್, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸ್ ಎದುರು ಮತ್ತೆ ಸರಿಯಾಗಿ 100ಕ್ಕೆ ಔಟ್. 2016ರ ಚೆನ್ನೈ ಟೆಸ್ಟಿನಲ್ಲಿ 199ಕ್ಕೆ ಔಟಾದ ಮೇಲೆ ತಾಯ್ನೆಲದಲ್ಲಿ ಮುಂದಿನ ಶತಕಕ್ಕೆ ಸುಮಾರು ಒಂಬತ್ತು ವರ್ಷ ಕಾಯಿಸಿದವರು, ಬಂದ ಶತಕದ ಮೇಲೆ ಒಂದು ರನ್ನಾದರೂ ಹೆಚ್ಚಿಗೆ ಹಾಕಬಾರದಿತ್ತೇ? ಪುಸ್ತಕದಲ್ಲಿ ಬರೆಯುವವನಿಗೆ ಅದು ಅಂದವಾಗಿ ಕಾಣುತ್ತದೆ, ತಂಡಕ್ಕೆ ಬೇಕಿದ್ದದ್ದು 150.