ಪ್ಲೇಯರು ಸಿಡಿ ‘ತಗೊಳ್ಳಲ್ಲ’ ಅನ್ನುವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಭಜನೆ ಮಂಡಳಿಯ ಹಳೆಯ ಕ್ಯಾಸೆಟ್ಟುಗಳನ್ನು ಸಿಡಿಗೆ ಹಾಕಿ ಹಂಚುತ್ತಿದ್ದೇನೆ. ಕೇಳುವವರಲ್ಲಿ ಹಿರಿಯರೇ ಜಾಸ್ತಿ. ಜೊತೆಗೆ ಕೊಡಲು ಒಂದು ಪುಟದ ಸೂಚನೆ ಬರೆಯುತ್ತಿದ್ದೆ. ‘ಕಂಪ್ಯಾಟಿಬಲ್’ ಅನ್ನುವಲ್ಲಿಗೆ ಬಂದು ಕೈ ನಿಂತಿತು.

‘ಹೊಂದಾಣಿಕೆ’ ಅಂತ ಬರೆಯಬಹುದು, ತಪ್ಪಿಲ್ಲ. ಆದರೆ ಮನೆಗಳಲ್ಲಿ ಹೇಳುವುದು “ನಮ್ಮ ಪ್ಲೇಯರು ಈ ಸಿಡಿ ತಗೊಳ್ಳಲ್ಲ” ಅಂತ. ಅಷ್ಟೇ ಬರೆದರೂ ಸಾಲದು. ತಗೊಳ್ಳದೆ ಇರುವುದಕ್ಕೆ ಬೇರೆ ಬೇರೆ ಕಾರಣಗಳಿವೆ. ಒಂದೊಂದಕ್ಕೂ ಮಾಡಬೇಕಾದ್ದು ಬೇರೆ.

ಕಾರ್ಖಾನೆಯಲ್ಲೇ ಹಾಡು ಅಚ್ಚೊತ್ತಿದ ಸಿಡಿ ತನ್ನ ಮೇಲೆ ಬಿದ್ದ ಲೇಸರ್ ಬೆಳಕಿನಲ್ಲಿ ಶೇ. 70ರಷ್ಟನ್ನಾದರೂ ವಾಪಸ್ ಕಳಿಸುತ್ತದೆ. ಒಂದೇ ಸಲ ಬರೆಯುವ ಸಿಡಿ-ಆರ್ ಕೂಡ ಅದರ ಹತ್ತಿರಕ್ಕೆ ಬರುತ್ತದೆ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯು ಕಳಿಸುವುದು ಶೇ. 15ರಿಂದ 25 ಮಾತ್ರ. ಅದು ಬಂದದ್ದೇ 1997ರಲ್ಲಿ. ಅದಕ್ಕೂ ಮುಂಚಿನ ಪ್ಲೇಯರುಗಳ ಕಣ್ಣಿಗೆ ಆ ಮಂಕು ಬೆಳಕು ಸಾಲದು. ಇಲ್ಲಿ ‘ಕಾಣಲ್ಲ’ ಅನ್ನುವುದೇ ಸರಿ ಅಲ್ವಾ? ಎಂಪಿ3, ಅಂದರೆ ಹಾಡನ್ನು ಕಿರಿದು ಮಾಡಿಟ್ಟ ಕಂಪ್ಯೂಟರ್ ಫೈಲು, ತುಂಬಿದ ಸಿಡಿಯದು ಬೇರೆ ಕತೆ. ಹಳೆಯ ಪ್ಲೇಯರಿಗೆ ಅದು ಕಾಣುತ್ತದೆ, ಆದರೆ ‘ತಿಳಿಯಲ್ಲ’. ಎರಡಕ್ಕೂ ‘ಹೊಂದಾಣಿಕೆಯಿಲ್ಲ’ ಅಂದುಬಿಟ್ಟರೆ ಓದುವವರಿಗೆ ಏನು ಮಾಡಬೇಕೆಂದೇ ಗೊತ್ತಾಗುವುದಿಲ್ಲ.

ಇನ್ನು ‘ಫೈನಲೈಸ್’. ಇದನ್ನು ಮಾಡದೆ ನಾನೇ ಒಮ್ಮೆ ಹನ್ನೆರಡು ಸಿಡಿ ಹಂಚಿದ್ದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಹಾಡಿದವು, ಅವರ ಮನೆಗಳಲ್ಲಿ ಒಂದೂ ಹಾಡಲಿಲ್ಲ. ಪ್ಲೇಯರು ಮೊದಲು ನೋಡುವುದು ಸಿಡಿಯ ಒಳ ಅಂಚಿನಲ್ಲಿರುವ ಹಾಡುಗಳ ಪಟ್ಟಿಯನ್ನು. ಆ ಪಟ್ಟಿಯನ್ನು ಬರೆದು ಮುಗಿಸುವುದೇ ಫೈನಲೈಸ್. ‘ಅಂತಿಮಗೊಳಿಸು’ ಅಂದರೆ ಅಲ್ಲಿ ಏನಾಗುತ್ತದೆ ಅಂತ ತಿಳಿಯುವುದಿಲ್ಲ. ಪುಸ್ತಕದ ಮುಂದಿನ ಪುಟಗಳಲ್ಲಿ ಇರುವುದಕ್ಕೆ ನಾವು ‘ಪರಿವಿಡಿ’ ಅನ್ನುತ್ತೇವಲ್ಲ. ‘ಪರಿವಿಡಿ ಹಾಕು’ ಅಂತ ಬರೆದರೆ ಹೇಗೆ?

ನನಗೆ ತುಂಬಾ ಹಿಡಿಸಿದ್ದು ‘ಬರೆ’. ಇಂಗ್ಲಿಷಿನಲ್ಲಿ ಸಿಡಿ ‘ಬರ್ನ್’ ಮಾಡುತ್ತಾರೆ. ನಮ್ಮ ಅಂಗಡಿಗಳಲ್ಲಿ “ಸಿಡಿ ರೈಟ್ ಮಾಡಿಕೊಡಿ” ಅಂತಲೇ ಕೇಳುತ್ತಿದ್ದೆವು. ಕನ್ನಡದ ‘ಬರೆ’ಯಲ್ಲಿ ಎರಡೂ ಇವೆ. ಕೈಯಲ್ಲಿ ಬರೆಯುವುದೂ ಬರೆ, ಕಾದ ಕಬ್ಬಿಣದಿಂದ ಎಳೆಯುವುದೂ ಬರೆ. ಹುಲಿಯನ್ನು ನೋಡಿ ನರಿ ಮೈಗೆ ಹಾಕಿಕೊಂಡದ್ದು ಎರಡನೆಯದು. ಸಿಡಿ-ಆರ್‌ನಲ್ಲಿ ನಡೆಯುವುದೂ ಅದೇ. ಲೇಸರಿನ ಬಿಸಿಗೆ ಬಣ್ಣದ ಪದರದಲ್ಲಿ ಗುರುತು ಬೀಳುತ್ತದೆ. ಅದನ್ನು ಮತ್ತೆ ಅಳಿಸಲು ಆಗುವುದಿಲ್ಲ. ಆರ್‌ಡಬ್ಲ್ಯುನಲ್ಲಿ ಇರುವುದು ಲೋಹಗಳ ಬೆರಕೆ. ಬಿಸಿ ಮಾಡುವ ಬಗೆಯನ್ನು ಬದಲಿಸಿದರೆ ಗುರುತು ಮಾಯವಾಗಿ ಮೊದಲಿನ ಹಾಗೆ ಆಗುತ್ತದೆ. ಸುಮಾರು 1,000 ಸಲ ಹೀಗೆ ಅಳಿಸಿ ಬರೆಯಬಹುದು.

ಅಳಿಸಿ ಬರೆಯುವುದು ಅಂದಾಗ ‘ಕಡತ’ ನೆನಪಾಯಿತು. ಈಗ ಕಡತ ಅಂದರೆ ಕಚೇರಿಯ ಫೈಲು. ಹಿಂದೆ ಅದು ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದ ಮಡಿಕೆ ಬಟ್ಟೆ. ಬಳಪದಲ್ಲಿ ಬರೆದು, ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಈ ಪದವನ್ನು ಆರ್‌ಡಬ್ಲ್ಯುಗೆ ತರಬೇಕು ಅಂತ ಆಸೆ. ಆದರೆ ಕಂಪ್ಯೂಟರಿನ ಫೈಲಿಗೂ ಕೆಲವರು ಕಡತ ಅನ್ನುತ್ತಿದ್ದಾರೆ. ಗೊಂದಲವಾದೀತು. ಹಾಗಾಗಿ ಸೂಚನೆಯಲ್ಲಿ ಸದ್ಯಕ್ಕೆ ‘ಅಳಿಸಿ ಬರೆಯುವ ಸಿಡಿ’ ಅಂತಲೇ ಇಟ್ಟಿದ್ದೇನೆ.

ನಿಮ್ಮ ಕಡೆ ಸಿಡಿ ಅಂಗಡಿ, ಸ್ಟುಡಿಯೋ ನಡೆಸುತ್ತಿದ್ದವರು ಫೈನಲೈಸ್‌ಗೆ ಏನನ್ನುತ್ತಿದ್ದರು? ‘ಕ್ಲೋಸ್ ಮಾಡು’ ಅನ್ನುವುದನ್ನು ನಾನು ಕೇಳಿದ್ದೇನೆ. ಕನ್ನಡದ ಮಾತು ಯಾರಾದರೂ ಆಡುತ್ತಿದ್ದರೆ ದಯವಿಟ್ಟು ತಿಳಿಸಿ. ‘ಪರಿವಿಡಿ ಹಾಕು’ ಕಿವಿಗೆ ಒಗ್ಗದಿದ್ದರೆ ಅದನ್ನೂ ಹೇಳಿ.