ಇಂಬಳದ ವಿಡಿಯೊ, ಚಿಕ್ಕಮ್ಮನ ಮಾತ್ರೆ

(ಗುಂಪು: ನಮ್ಮ ದೊಡ್ಡಮನೆ. ದೊಡ್ಡಪ್ಪ ಮೂಡಿಗೆರೆಯ ತೋಟದಿಂದ ಹಂಚಿಕೊಂಡ ವಿಡಿಯೊ: ‘ರಕ್ತ ತೆಳುವಾಗಿಸುವ ಮಾತ್ರೆ ಬಿಡಿ, ಜಿಗಣೆ ಕಚ್ಚಿಸಿಕೊಳ್ಳಿ!’)

ದೊಡ್ಡಪ್ಪ: ಸುಮಾ, ಪೂರ್ತಿ ನೋಡಮ್ಮ. ಈ ಮಳೆಗೆ ನಮ್ಮ ತೋಟದಲ್ಲಿ ಇಂಬಳಕ್ಕೇನು, ಆ ನೆಲದ ಜಿಗಣೆಗೇನು ಬರವೇ?

ಸುಮಾ ಚಿಕ್ಕಮ್ಮ: ರಕ್ತ ತೆಳುವಾಗಿಸುವ ಈ ವಾರ್ಫರಿನ್ ಮಾತ್ರೆ ನುಂಗಿ ನುಂಗಿ ಸಾಕಾಗಿರುವುದು ನಿಜ, ಭಾವ. ಸೊಪ್ಪಿನ ಸಾರು ಉಣ್ಣುವುದಕ್ಕೂ ಲೆಕ್ಕ ಇಡಬೇಕು.

ರೇಖಾ: ಚಿಕ್ಕಮ್ಮ, ಒಂದು ಹೊತ್ತೂ ಮಾತ್ರೆ ತಪ್ಪಿಸಬೇಡಿ. ದೊಡ್ಡಪ್ಪ, ಎದೆಯಲ್ಲಿ ಲೋಹದ ವಾಲ್ವ್ ಇಟ್ಟುಕೊಂಡವರಿಗೆ ಕಳುಹಿಸುವ ವಿಡಿಯೊವೇ ಇದು?

ದೊಡ್ಡಪ್ಪ: ಫಾರ್ಮಸಿ ಓದಿದವರಿಗೆ ಹಳೆಯದೆಲ್ಲ ಸುಳ್ಳು. ಸುಶ್ರುತ ಸಂಹಿತೆಯಲ್ಲಿ ಜಿಗಣೆಗೇ ಒಂದು ಅಧ್ಯಾಯವಿದೆ. ಮೊನ್ನೆ ಕಾಲುಚೀಲ ಬಿಚ್ಚಿದರೆ ಪಾದವೆಲ್ಲ ಕೆಂಪು. ಇಂಬಳ ಎಂದೋ ಉದುರಿಹೋಗಿದೆ, ಸುಣ್ಣ ಒತ್ತಿದರೂ ರಕ್ತ ನಿಲ್ಲದು. ಅದರ ಎಂಜಲಿನಲ್ಲಿ ಏನೂ ಇಲ್ಲದೆಯೇ ಹೀಗಾಯಿತೇ?

ರೇಖಾ: ಇಲ್ಲ ಎಂದವರು ಯಾರು? ಜಿಗಣೆಯ ಸಾರ ಬೆರೆತರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ಜಾನ್ ಹೇಕ್ರಾಫ್ಟ್ 1884ರಲ್ಲೇ ತೋರಿಸಿದ್ದರು. 1950ರ ದಶಕದಲ್ಲಿ ಜರ್ಮನಿಯ ಫ್ರಿಟ್ಜ್ ಮಾರ್ಕ್‌ವಾರ್ಟ್ ಆ ಪ್ರೋಟೀನನ್ನು ಬೇರ್ಪಡಿಸಿದರು. ಹೆಸರು ಹಿರುಡಿನ್, 65 ಅಮೈನೊ ಆಮ್ಲಗಳ ಸರಪಳಿ. ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಕಿಣ್ವವನ್ನು ನೇರವಾಗಿ ಹಿಡಿದು ನಿಲ್ಲಿಸುತ್ತದೆ. ಆದರೆ ಅದು ಯೂರೋಪಿನ ನೀರುಜಿಗಣೆಯದು. ನಿಮ್ಮ ಕಾಲಿಗೆ ಹತ್ತಿದ ಇಂಬಳದ ಜಾತಿಯೇ ಬೇರೆ.

ಮಂಜು: ಹಾಗಾದರೆ ಆ ಪ್ರೋಟೀನನ್ನೇ ಔಷಧಿ ಮಾಡಬಹುದಿತ್ತಲ್ಲ?

ರೇಖಾ: ಮಾಡಿದರು. ರಕ್ತ ಹೆಪ್ಪುಗಟ್ಟದಂತೆ ಚುಚ್ಚುವ ಹೆಪಾರಿನ್ ಕೊಟ್ಟಾಗ ಕೆಲವರಲ್ಲಿ, ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಕುಸಿಯುತ್ತವೆ, ವಿಚಿತ್ರವೆಂದರೆ ರಕ್ತ ಇನ್ನಷ್ಟು ಹೆಪ್ಪುಗಟ್ಟುತ್ತದೆ. ಅಂಥವರಿಗೆಂದು ಯೀಸ್ಟ್‌ನಲ್ಲಿ ತಯಾರಿಸಿದ ಲೆಪಿರುಡಿನ್‌ಗೆ 1998ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. 2012ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಹಿರುಡಿನ್ ಮಾದರಿಯಲ್ಲೇ ರೂಪಿಸಿದ ಬೈವಲಿರುಡಿನ್ ಆಂಜಿಯೋಪ್ಲಾಸ್ಟಿಯಲ್ಲಿ ಈಗಲೂ ಬಳಕೆಯಲ್ಲಿದೆ.

ದೊಡ್ಡಪ್ಪ: ನೋಡಿದೆಯಾ! ಸುತ್ತಿ ಬಳಸಿ ನನ್ನ ಮಾತಿಗೇ ಬಂದೆ.

ರೇಖಾ: ಪೂರ್ತಿ ಕೇಳಿ. ಹೃದಯದ ರೋಗಿಗಳಲ್ಲಿ ಹಿರುಡಿನನ್ನು ಹೆಪಾರಿನ್‌ನೊಂದಿಗೆ ಹೋಲಿಸುತ್ತಿದ್ದ ದೊಡ್ಡ ಪರೀಕ್ಷೆಗಳನ್ನು 1994ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಮಿದುಳಿನಲ್ಲಿ ರಕ್ತಸ್ರಾವ! ಎರಡೂ ಔಷಧಿಗಳ ಪ್ರಮಾಣ ತಗ್ಗಿಸಿ ಮತ್ತೆ ನಡೆಸಿದರು. ತೂಗಿ, ಅಳೆದು, ಆಸ್ಪತ್ರೆಯಲ್ಲಿ ಮಲಗಿಸಿ ಕೊಟ್ಟಾಗಲೇ ಈ ಗತಿ. ಇಂಬಳ ಎಷ್ಟು ಉಗುಳಿತೆಂದು ಅಳೆಯುವವರು ಯಾರು, ತೋಟದ ಲೆಕ್ಕ ಬರೆಯುವ ನಿಮ್ಮ ರೈಟರೇ? ವಾರ್ಫರಿನ್ ಹೆಚ್ಚಾದರೆ ವಿಟಮಿನ್ ಕೆ ಇದೆ. ಹಿರುಡಿನ್‌ಗೆ ಅಂಥ ಮಾರುಮದ್ದೂ ಇಲ್ಲ.

ದೊಡ್ಡಪ್ಪ: ಅಮೆರಿಕದ ಆಸ್ಪತ್ರೆಗಳಲ್ಲೇ ಜಿಗಣೆ ಬಿಡುತ್ತಾರಂತೆ. ಅದೂ ಸುಳ್ಳೇ?

ರೇಖಾ: ನಿಜವೇ, 2004ರಿಂದ ಅಧಿಕೃತ ಅನುಮತಿಯಿದೆ. ತುಂಡಾದ ಬೆರಳನ್ನು ಮತ್ತೆ ಜೋಡಿಸಿದಾಗ ಅಲ್ಲಿ ಮಡುಗಟ್ಟಿದ ರಕ್ತವನ್ನು ಹೀರಿಸಲು. ಅದೂ ಸಾಕಿದ ಜಿಗಣೆ, ಜೊತೆಗೆ ಆಂಟಿಬಯೋಟಿಕ್, ಏಕೆಂದರೆ ಅದರ ಕರುಳಿನ ಬ್ಯಾಕ್ಟೀರಿಯಾದಿಂದ ಸೋಂಕಾಗಬಹುದು. ವಾಲ್ವ್ ಕಾಯುವ ಕೆಲಸ ಅದರದಲ್ಲ.

ಮಂಜು: ರಕ್ತಪರೀಕ್ಷೆಯ ಕಾಟವಿಲ್ಲದ ಹೊಸ ಮಾತ್ರೆಗಳು ಬಂದಿವೆಯಲ್ಲ ರೇಖಕ್ಕ?

ರೇಖಾ: ಚಿಕ್ಕಮ್ಮನಿಗೆ ಆಗದು. ಡಾಬಿಗಾಟ್ರಾನ್ ಕೂಡ ಥ್ರಾಂಬಿನನ್ನೇ ತಡೆಯುವ ಮಾತ್ರೆ. ಲೋಹದ ವಾಲ್ವ್ ಇದ್ದವರಿಗೆ ಕೊಟ್ಟು ನೋಡಿದರು. ವಾರ್ಫರಿನ್‌ಗಿಂತ ಹೆಚ್ಚು ಹೆಪ್ಪೂ ಕಟ್ಟಿತು, ರಕ್ತಸ್ರಾವವೂ ಹೆಚ್ಚಿತು. 2012ರಲ್ಲಿ ಆ ಪರೀಕ್ಷೆಯನ್ನೇ ಕೈಬಿಟ್ಟರು.

ಸುಮಾ ಚಿಕ್ಕಮ್ಮ: ಸಾಕು ಮಾರಾಯ್ತಿ, ಈಗಷ್ಟೇ ಮಾತ್ರೆ ನುಂಗಿದೆ. ಭಾವ, ಗುರುವಾರ ರಕ್ತ ಹೆಪ್ಪುಗಟ್ಟುವ ಹದ ನೋಡುವ ಐಎನ್‌ಆರ್ ಪರೀಕ್ಷೆಗೆ ಚಿಕ್ಕಮಗಳೂರಿಗೆ ಹೋಗಬೇಕು. ಜೀಪು ಸಿಗುತ್ತದೆಯೇ?

ದೊಡ್ಡಪ್ಪ: ಏಳು ಗಂಟೆಗೆ ಗೇಟಿನ ಬಳಿ ಇರುತ್ತದೆ. ವಿಡಿಯೊ ಮಾತ್ರ ಅಳಿಸುವುದಿಲ್ಲ. ಮಂಡಿನೋವಿನವರಿಗೆ ಉಪಯೋಗವಾದೀತು.

ರೇಖಾ: ದೊಡ್ಡಪ್ಪ!